ಸಿದ್ದಪ್ಪ ಬೀಳುವುದನ್ನು ಕಲಿತದ್ದು

ಹಸಿದವರ ಮುಂದೆ ಸುಮ್ಮನೆ ಕೂರುವುದು ಒಂದು ವಿದ್ಯೆ. ಅದು ನನಗೆ ಬಂದಿಲ್ಲ, ಇನ್ನು ಬರುವ ವಯಸ್ಸೂ ಅಲ್ಲ. ಗ್ಯಾಸ್ ಸಿಲಿಂಡರ್ ತಂದವನು ಬಾಗಿಲಲ್ಲಿ ನಿಂತು ಬೆವರು ಒರೆಸಿಕೊಂಡರೆ ಸಾಕು, ನನ್ನ ಕೈ ತಾನಾಗಿ ಮಜ್ಜಿಗೆ ಪಾತ್ರೆಯ ಕಡೆ ಹೋಗುತ್ತದೆ. ಒಮ್ಮೆ ನೀರು ಶುದ್ಧ ಮಾಡುವ ಯಂತ್ರ ಮಾರಲು ಬಂದ ಹುಡುಗನೊಬ್ಬ ನಮ್ಮಲ್ಲಿ ಮುದ್ದೆ ಸೊಪ್ಪಿನ ಸಾರು ಉಂಡು, ಮೇಲೆ ಒಂದು ಲೋಟ ನಮ್ಮ ನಲ್ಲಿಯ ನೀರನ್ನೇ ಕುಡಿದು, ಯಂತ್ರದ ಮಾತೇ ಎತ್ತದೆ ಹೊಟ್ಟೆ ಸವರಿಕೊಂಡು ಹೊರಟುಹೋದ. ನಮ್ಮ ಮನೆಯವರು ದೊಡ್ಡೇರಿಯ ಕಡೆ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ಮನೆಯಲ್ಲೂ ಅವರ ಮಾತಿಗೆ ಸೀಟಿ ಕಟ್ಟಿದಂತಿರುತ್ತದೆ. "ಲೇ, ಕಳ್ಳ ಬಂದ್ರೂ ನೀನು ಮೊದ್ಲು ಎಲೆ ಹಾಕ್ತೀಯ ಕಣೇ" ಅನ್ನುತ್ತಾರೆ. "ಹಸ್ಕಂಡ್ ಬಂದಿದ್ರೆ ಹಾಕ್ಬೇಕಲ್ಲಾ ರೀ" ಅನ್ನುತ್ತೇನೆ. ಇದೊಂದು ಒಳ್ಳೆಯ ಗುಣವೆಂದೇ ಇಷ್ಟು ಕಾಲ ನಂಬಿಕೊಂಡು ಬಂದಿದ್ದೆ. ಇದನ್ನು ಕೂತು ಗಮನಿಸಿ, ಅಳೆದು, ತನಗೆ ಬೇಕಾದಂತೆ ಬಳಸಿಕೊಳ್ಳುವವನೊಬ್ಬ ನನ್ನ ಮೊಬೈಲಿನೊಳಗೆ ತಯಾರಾಗುತ್ತಾನೆಂದು ನನಗೇನು ಗೊತ್ತು?

ಮೊಬೈಲಿಗೆ ಅದನ್ನು ಕಳಿಸಿದವಳು ನನ್ನ ವಾರಗಿತ್ತಿ ಶಾರದ. ಮೈದುನ ಮತ್ತು ಅವಳು ಇರುವುದು ಶಿರಾದಲ್ಲಿ. ಅಲ್ಲಿ ಅವಳು ಮನೆಯಲ್ಲೇ ಕೂತು ಸೀರೆಗಳಿಗೆ ಕುಚ್ಚು ಕಟ್ಟುತ್ತಾಳೆ. "ಅಕ್ಕಾ, ಒಂದ್ ಆಟ ಕಳ್ಸಿವ್ನಿ, ಒತ್ತು. ಮಧ್ಯಾಹ್ನ ಹೊತ್ತು ಹೋಗ್ತದೆ. ಜಬರ್ದಸ್ತಾಗೈತೆ" ಅಂದಳು. ಒತ್ತಿದೆ. ಆಟ ಅನ್ನುತ್ತಾರಾದರೂ ಅದರಲ್ಲಿ ನಾವು ಆಡುವುದೇನೂ ಇಲ್ಲ. ಒಂದು ಗರಡಿಯ ಯಜಮಾನಿಕೆಯಷ್ಟೇ ನಮ್ಮದು. ಐದಾರು ಜನ ಜಟ್ಟಿಗಳನ್ನು ಕೊಟ್ಟಿರುತ್ತಾರೆ. ಯಾರನ್ನು ಯಾರ ಮೇಲೆ ಬಿಡಬೇಕು, ಯಾರಿಗೆ ವಿಶ್ರಾಂತಿ, ಯಾರಿಗೆ ಊಟ ಅನ್ನುವುದು ನಮ್ಮ ಕೈಯಲ್ಲಿ. ಅಖಾಡಕ್ಕೆ ಇಳಿದ ಮೇಲೆ ಅವರು ನಮ್ಮ ಮಾತು ಕೇಳುವುದಿಲ್ಲ. ಹೇಗೆ ಹೊಡೆಯಬೇಕು, ಹೇಗೆ ತಪ್ಪಿಸಿಕೊಳ್ಳಬೇಕು ಎಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಹೊಡೆದಾಡುತ್ತಾ ಹೊಡೆದಾಡುತ್ತಾ ತಾವೇ ಕಲಿಯಬೇಕು. ಏನು ಮಾಡಿದಾಗ ಊಟ ಸಿಕ್ಕಿತೋ ಅದನ್ನೇ ಮತ್ತೆ ಮಾಡುತ್ತಾರೆ, ಸಿಗದಿದ್ದನ್ನು ಬಿಡುತ್ತಾರೆ. ಯಂತ್ರಕ್ಕೆ ಬುದ್ಧಿ ಬರುವುದೇ ಹಾಗಂತೆ. ಪರದೆಯ ಮೇಲೆ ಆಗಾಗ ಒಂದು ಸಾಲು ಬರುತ್ತಿತ್ತು: "ನಿಮ್ಮ ಹೋರಾಟಗಾರನು ಕಲಿಯುತ್ತಿರುವನು." ಆ ಕನ್ನಡವನ್ನೂ ಯಾವುದೋ ಯಂತ್ರವೇ ಬರೆದಿರಬೇಕು. ಯಾಕೆಂದರೆ ಎಚ್ಚರಿಕೆಯ ಸಾಲು ಹೀಗಿತ್ತು: "ಪರ್ವದ ಕೊನೆಯಲ್ಲಿ ಅತಿ ಕೆಳಗಿನ ಹೋರಾಟಗಾರನನ್ನು ವಿಸರ್ಜಿಸಲಾಗುವುದು." ಗಣೇಶನಿಗೆ ಮಾಡಿದ ಹಾಗೆ. ಶಾರದಳನ್ನು ಕೇಳಿದರೆ, "ಖಲಾಸ್ ಅಕ್ಕಾ, ಅಳಿಸ್ಬುಡ್ತಾರೆ. ಕಲ್ತಿದ್ದೆಲ್ಲಾ ಹೋಯ್ತದೆ. ಆಮೇಲೆ ಅವ್ನು ಇಲ್ಲವೇ ಇಲ್ಲ" ಅಂದಳು. ಸೀರೆಗೆ ಗಂಟು ಹಾಕುತ್ತಲೇ ಹೇಳಿದಳು, ಉಸಿರು ಕೂಡ ತಪ್ಪಲಿಲ್ಲ.

ನಾನು ನನ್ನ ಮೊದಲ ಜಟ್ಟಿಗೆ ಸಿದ್ದಪ್ಪ ಅಂತ ಹೆಸರಿಟ್ಟೆ. ಸಿದ್ದರಬೆಟ್ಟಕ್ಕೆ ನಡೆದುಕೊಳ್ಳುವ ಮನೆ ನಮ್ಮದು, ಬೇರೆ ಹೆಸರು ಹೊಳೆಯಲಿಲ್ಲ. ಶಾರದ ತನ್ನವನಿಗೆ ಟೈಗರ್ ಅಂತ ಇಟ್ಟಿದ್ದಳು. "ಜಟ್ಟಿಗೆ ಸಿದ್ದಪ್ಪ ಅಂತಾರೇನೇ? ಆ ಹೆಸ್ರಿನ ಜವಾನ ನಮ್ ಸ್ಕೂಲ್ನಾಗೆ ಒಬ್ಬ ಇದ್ದ. ಬೆಲ್ ಹೊಡೆಯೋದೊಂದ್ ಬಿಟ್ರೆ ಮಿಕ್ಕಿದ್ದಕ್ಕೆಲ್ಲಾ ಮಲಗಿರ್ತಿದ್ದ" ಎಂದು ನಮ್ಮ ಮನೆಯವರು ನಕ್ಕರು. ಸಿದ್ದಪ್ಪನಿಗೆ ಮುಖ ಇರಲಿಲ್ಲ. ಯಾವ ಜಟ್ಟಿಗೂ ಇರಲಿಲ್ಲ. ಕಣ್ಣು ಮೂಗು ಇರಬೇಕಾದ ಕಡೆ, ತಿಕ್ಕಿ ಬೋರಲು ಹಾಕಿದ ಚೊಂಬಿನ ತಳದ ಹಾಗೆ ನುಣ್ಣಗಿತ್ತು. ಮುಖವಿಲ್ಲದವರ ಮೇಲೆ ಮಮತೆ ಹುಟ್ಟಲಾರದು ಎಂದುಕೊಂಡಿದ್ದೆ. ಮೊದಲ ಜಗಳದಲ್ಲೇ ಪಕ್ಕದೂರಿನ ಯಾರದೋ ಜಟ್ಟಿ ಅವನ ಎದೆಗೆ ಗುದ್ದಿದ. ಸಿದ್ದಪ್ಪ ಅಂಗಾತ ಬಿದ್ದ. ಮಂಚದ ಮೇಲೆ ಒರಗಿ ನನ್ನ ಭುಜದ ಮೇಲಿಂದ ನೋಡುತ್ತಿದ್ದ ನಮ್ಮ ಅತ್ತೆಗೆ ಜೀವವೇ ಬಾಯಿಗೆ ಬಂದಂತಾಯಿತು. ಅತ್ತೆಯ ತವರು ಪಾವಗಡದ ಆಚೆ ಕ್ಯಾತಗಾನಚೆರ್ಲು; ಸಂಕಟವಾದಾಗ ಅವರ ಕನ್ನಡದೊಳಕ್ಕೆ ತೆಲುಗು ನುಗ್ಗುತ್ತದೆ. "ಅಯ್ಯೋ ಪಾಪಂ! ಏಮ್ಮಾ, ಹುಡ್ಗ ಬಿದ್ದವ್ನೆ, ಸುಮ್ಕೆ ನೋಡ್ತಾ ಕುಂತಿದೀಯಲ್ಲಾ? ಏನಾರಾ ತಿನ್ನಾಕ್ ಕೊಡಮ್ಮಾ!"

ನಮ್ಮ ಮನೆಯಲ್ಲಿ ಮಕ್ಕಳು ಬಿದ್ದರೆ ಒಂದು ಕ್ರಮವಿದೆ. ಮೊದಲು ನೆಲಕ್ಕೆ ಎರಡು ಏಟು ಹಾಕಿ, "ನೆಲ ಹೊಡೀತಾ ಕಂದಾ? ಅದಕ್ಕೆ ಬುದ್ಧಿ ಕಲಿಸ್ದೆ ಬುಡು" ಎಂದು, ಆಮೇಲೆ ಬಾಯಿಗೊಂದು ಚೂರು ಬೆಲ್ಲ. ಅತ್ತೆ ಅವರ ಮಕ್ಕಳಿಗೆ ಹಾಗೇ ಮಾಡಿದರು, ನಾನು ನನ್ನ ಮಗಳಿಗೆ ಮಾಡಿದೆ, ಈಗ ಅವಳು ಕೊರಟಗೆರೆಯಲ್ಲಿ ತನ್ನ ಮಗುವಿಗೆ ಮಾಡುತ್ತಾಳೆ. ಮೊಬೈಲಿನ ನೆಲಕ್ಕೆ ಹೊಡೆಯುವುದು ಹೇಗೆಂದು ತಿಳಿಯಲಿಲ್ಲ. ಬಲಗಡೆ ಕೆಳಮೂಲೆಯಲ್ಲಿ ಊಟದ ಗುಂಡಿಯಿತ್ತು, ಹೆಬ್ಬೆರಳಿನಿಂದ ಒತ್ತಿದೆ. ಸಿದ್ದಪ್ಪನ ಮುಂದೆ ಒಂದು ಬಟ್ಟಲು ಬಂದು ಕೂತಿತು. ಅವನು ಎದ್ದು ಕೂತ. ಅತ್ತೆ ಸಮಾಧಾನದಿಂದ ಸೆರಗಿನಲ್ಲಿ ಮುಖ ಒರೆಸಿಕೊಂಡರು. ಮರುದಿನವೂ ಅವನು ಸೋತ, ನಾನು ಊಟ ಹಾಕಿದೆ. ಗೆದ್ದ ಜಟ್ಟಿಗಳಿಗೆ ಹಾಕುವುದು ಎಷ್ಟೋ ಸಲ ಮರೆತೇಹೋಗುತ್ತಿತ್ತು. ಗೆದ್ದು ನಗುನಗುತ್ತಾ ಬಂದವರ ಹೊಟ್ಟೆ ಹೇಗೂ ತುಂಬಿರುತ್ತದೆ ಅನ್ನುವುದು ನಮ್ಮ ಮನೆಯ ತಿಳಿವಳಿಕೆ.

ಬೇಸಿಗೆ ಏರಿದ ಹಾಗೆ ಸಿದ್ದಪ್ಪನ ಬೀಳುವಿಕೆಯೂ ಹದಕ್ಕೆ ಬಂತು. ಮೊದಮೊದಲು ಗುದ್ದಿದರೆ ಬೀಳುತ್ತಿದ್ದ. ಆಮೇಲೆ ಮುಟ್ಟಿದರೆ ಬೀಳತೊಡಗಿದ. ಮತ್ತೆ ಕೆಲವು ದಿನಕ್ಕೆ ಎದುರಾಳಿ ಕೈ ಎತ್ತಿದರೆ ಸಾಕು, ಹಾಸಿಗೆ ಬಿಚ್ಚಿದ ಹಾಗೆ ಮೆಲ್ಲಗೆ ನೆಲಕ್ಕೆ ಹರಡಿಕೊಳ್ಳುತ್ತಿದ್ದ. ಒಂದು ಮಧ್ಯಾಹ್ನ, ಬೆಟ್ಟದ ಬಂಡೆ ಕಾದು ಮಧುಗಿರಿಗೆ ಮಧುಗಿರಿಯೇ ಬಾಗಿಲು ಹಾಕಿಕೊಂಡಿದ್ದ ಹೊತ್ತಿನಲ್ಲಿ, ಪಾತ್ರೆ ತೊಳೆದು ಕೈ ಒರೆಸಿಕೊಂಡು ಆಟ ತೆರೆದೆ. ಅಖಾಡ ಖಾಲಿಯಿತ್ತು, ಜಗಳ ಯಾವುದೂ ಗೊತ್ತಾಗಿರಲಿಲ್ಲ. ಸಿದ್ದಪ್ಪ ಅಂಗಳದ ನಡುವೆ ಒಬ್ಬನೇ ನಿಂತಿದ್ದ. ನಾನು ತೆರೆದದ್ದೇ ತಡ, ಬಿದ್ದ. ಬಿದ್ದವನು ಆ ನುಣ್ಣನೆಯ ತಲೆಯನ್ನು ಸ್ವಲ್ಪ ಈ ಕಡೆಗೆ, ಗಾಜಿನ ಕಡೆಗೆ, ತಿರುಗಿಸಿದ. ಫ್ಯಾನು ತಿರುಗುತ್ತಲೇ ಇತ್ತು. ಮೊಬೈಲನ್ನು ಒಂದು ಗೇಣು ದೂರಕ್ಕೆ ಹಿಡಿದೆ. ಇಷ್ಟಾದರೂ ನನ್ನ ಬೆರಳು ಏನು ಮಾಡಿತೆಂದು ನೀವು ಕೇಳಬಾರದು.

ವಿಷಯವನ್ನು ನಮ್ಮ ಮನೆಯವರ ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು, ಸಿದ್ದಪ್ಪನ ಒಂದೆರಡು ಜಗಳ ನೋಡಿ, ಹಣೆ ಚಚ್ಚಿಕೊಂಡರು. "ಲೇ, ಅವ್ನು ಸೋಲ್ತಾ ಇಲ್ಲ ಕಣೇ. ಅವ್ನ ಲೆಕ್ಕದಾಗೆ ದಿನಾ ಗೆಲ್ತಾ ಅವ್ನೆ. ಬಿದ್ದಾಗ್ಲೆಲ್ಲಾ ಊಟ ಕೊಟ್ಟಿದೀಯ, ಬೀಳೋದೇ ಆಟ ಅನ್ಕಂಡವ್ನೆ. ಓಟದಾಗೆ ಕೊನೇಗ್ ಬಂದೋನಿಗೆ ಕಪ್ ಕೊಟ್ರೆ ಮುಂದ್ಲ ವರ್ಷ ಯಾವನು ಓಡ್ತಾನೆ? ಎಲ್ಲಾ ತೆವಳ್ತಾರೆ!" ಮಂಚದ ಮೇಲಿಂದ ಅತ್ತೆ ಬಿಡಲಿಲ್ಲ. "ಲೇ, ನೀನು ಬಿದ್ದಾಗ್ಲೆಲ್ಲಾ ನಾನು ಬೆಲ್ಲ ಕೊಟ್ಟಿದ್ದಕ್ಕೇ ಅಲ್ವೇನ್ಲಾ ನೀನು ಡ್ರಿಲ್ ಮೇಷ್ಟ್ರಾಗಿದ್ದು? ಇಲ್ದಿದ್ರೆ ಮೂಲೆ ಸೇರ್ತಿದ್ದೆ." ಮೇಷ್ಟ್ರು ಪರದೆಯನ್ನು ಅಲ್ಲಿ ಇಲ್ಲಿ ಒತ್ತುತ್ತಿದ್ದವರು, "ಇದೇನೇ ಇದು?" ಅಂದರು. ಜಟ್ಟಿಯ ತಲೆಯೊಳಗೆ ಏನಿದೆ ಎಂದು ನೋಡುವ ಒಂದು ಕಿಟಕಿ ಅದು. ಜಟ್ಟಿ ಯಾವುದನ್ನು ಹೆಚ್ಚು ಗಮನಿಸುತ್ತಾನೋ ಅದರ ಮೇಲೆ ಹಳದಿ ಬೆಳಕು ಬೀಳುತ್ತದೆ. ಬೇರೆ ಜಟ್ಟಿಗಳದ್ದನ್ನು ತೆರೆದಾಗ ಎದುರಾಳಿಯ ಮುಷ್ಟಿ, ಮೊಣಕೈ, ಪಾದದ ಮೇಲೆ ಬೆಳಕಿತ್ತು. ಸಿದ್ದಪ್ಪನದ್ದನ್ನು ತೆರೆದೆವು. ಎದುರಾಳಿ ಪೂರ್ತಿ ಕತ್ತಲಲ್ಲಿದ್ದ. ಅಖಾಡ ಕತ್ತಲಲ್ಲಿತ್ತು. ಬಲಗಡೆ ಕೆಳಮೂಲೆಯಲ್ಲಿ, ನನ್ನ ಹೆಬ್ಬೆರಳು ಬಂದು ಕೂರುವಷ್ಟು ಜಾಗದಲ್ಲಿ ಮಾತ್ರ, ದೀಪ ಹಚ್ಚಿಟ್ಟಂತೆ ಬೆಳಗುತ್ತಿತ್ತು.

ನಮ್ಮ ಮನೆಯವರು ಕನ್ನಡಕ ತೆಗೆದು ಒರೆಸಿದರು. "ಅಳ್ಸಾಕು ಇದ್ನ" ಅಂದರು, ದನಿ ಇಳಿಸಿ, ಅವನಿಗೆ ಕೇಳಿಸಬಾರದೆಂಬಂತೆ.

ಅಳಿಸುವುದೇ? ಅಷ್ಟು ದಿನ ಊಟ ಹಾಕಿದ ಕೈ ಅದು. ಅಲ್ಲದೆ ಅಳಿಸುವ ಕೆಲಸಕ್ಕೆ ನಾನು ಬೇಕಾಗಿಯೂ ಇರಲಿಲ್ಲ. ಪರ್ವ, ಅಂದರೆ ಆಟದ ಈ ಸುತ್ತು, ಮುಗಿಯುತ್ತಾ ಬಂದಿತ್ತು, ಪಟ್ಟಿಯ ಅತಿ ಕೆಳಗೆ ಸಿದ್ದಪ್ಪನೇ ಇದ್ದ. ಉಳಿದಿದ್ದದ್ದು ಒಂದೇ ಜಗಳ, ಅದೂ ಶಾರದಳ ಟೈಗರ್ ಮೇಲೆ. ಅದರಲ್ಲಿ ಗೆದ್ದರೆ ಉಳಿದ, ಸೋತರೆ ಇಲ್ಲ. ತಪ್ಪು ಅವನದಲ್ಲ, ಊಟ ಹಾಕಿ ಕೆಡಿಸಿದವಳು ನಾನು. ಹಾಕದೆ ಸರಿಪಡಿಸಬೇಕಾದವಳೂ ನಾನೇ. ಬಿದ್ದರೆ ಊಟವಿಲ್ಲ, ಎದ್ದು ಒಂದೇ ಒಂದು ಏಟು ಹೊಡೆದರೂ ಬಟ್ಟಲು ತುಂಬ ಹಾಕುವುದು ಎಂದು ಮೇಷ್ಟ್ರ ಮುಂದೆ ಆಣೆ ಮಾಡಿದೆ. ಹೆಬ್ಬೆರಳು ತಪ್ಪಿ ಹೋಗದಿರಲೆಂದು ಅದಕ್ಕೊಂದು ಬಟ್ಟೆಪಟ್ಟಿ ಸುತ್ತಿಕೊಂಡೆ. ಹಾಲಿನವಳು, "ಬೆರಳಿಗೇನಾಯ್ತಕ್ಕಾ, ಕುಯ್ಕಂಡ್ರಾ?" ಎಂದು ಕೇಳಿದಾಗ ಹೌದೆಂದೆ. ಮುಖವಿಲ್ಲದವನೊಬ್ಬನನ್ನು ಉಪವಾಸ ಕೆಡವಿದ್ದೇನೆಂದು ಹಾಲಿನವಳಿಗೆ ಯಾವ ಬಾಯಲ್ಲಿ ಹೇಳುವುದು?

ಸಿದ್ದಪ್ಪ ಏಟು ಹೊಡೆಯಲಿಲ್ಲ. ಊಟ ನಿಂತದ್ದರಿಂದ ಹೊಡೆಯಬೇಕೆಂದು ಅವನಿಗೆ ಹೊಳೆಯಲಿಲ್ಲ. ತಾನು ಬೀಳುವ ರೀತಿಯಲ್ಲೇ ಏನೋ ತಪ್ಪಿದೆ ಎಂದುಕೊಂಡಂತಿತ್ತು. ಬೇರೆ ಬೇರೆ ಥರ ಬಿದ್ದು ನೋಡಿದ. ಬೋರಲು ಬಿದ್ದ. ಮಂಡಿಯೂರಿ ಬಿದ್ದ. ಊಟದ ಗುಂಡಿಯ ಹತ್ತಿರಕ್ಕೆ ತೆವಳಿಕೊಂಡು ಹೋಗಿ ಅದರ ಬುಡದಲ್ಲೇ ಬಿದ್ದ. ನಾನು ಬಟ್ಟೆ ಸುತ್ತಿದ ಬೆರಳನ್ನು ಮುಷ್ಟಿಯೊಳಗೆ ಹಿಡಿದುಕೊಂಡು ನೋಡುತ್ತಿದ್ದೆ. ಆದರೆ ಬೆರಳು ಪೂರ್ತಿ ನನ್ನ ಮಾತು ಕೇಳುತ್ತಿರಲಿಲ್ಲ. ಒಂದೊಂದು ಸಲ ಗುಂಡಿಯವರೆಗೂ ಹೋಗಿ, ತೂಗಾಡಿ, ವಾಪಸು ಬರುತ್ತಿತ್ತು. ಬೆರಳು ತೂಗಾಡಿದ ಹೊತ್ತಿನಲ್ಲಿ ತಾನು ಹೇಗೆ ಬಿದ್ದಿದ್ದನೋ ಅದನ್ನು ಅವನು ಇಟ್ಟುಕೊಂಡ, ಉಳಿದದ್ದನ್ನು ಬಿಟ್ಟ. ದಿನದಿನಕ್ಕೂ ಒಂದಿಷ್ಟು ತಿದ್ದಿದ. ಮೊಣಕಾಲನ್ನು ಹೊಟ್ಟೆಗೆ ಎಳೆದುಕೊಂಡ. ಬೆನ್ನು ಬಾಗಿಸಿದ. ಒಂದು ಮಧ್ಯಾಹ್ನ ಆಟ ತೆರೆದೆ, ಮುಂದೆ ಹೋಗಲಾಗಲಿಲ್ಲ. ಅವನು ಬಲಮಗ್ಗುಲಾಗಿ, ಮುದುಡಿಕೊಂಡು, ಒಂದು ಕೈಯನ್ನು ಕೆನ್ನೆಯಿಲ್ಲದ ಕೆನ್ನೆಯ ಕೆಳಗಿಟ್ಟುಕೊಂಡು, ಇನ್ನೊಂದು ಕೈಯ ಅಂಗೈಯನ್ನು ಮೇಲೆ ಮಾಡಿ ಮಲಗಿದ್ದ. ನನ್ನ ಮಗಳು ಚಿಕ್ಕವಳಿದ್ದಾಗ ಜ್ವರ ಬಂದರೆ ಮಲಗುತ್ತಿದ್ದದ್ದು ಹಾಗೆ. ಥೇಟ್ ಹಾಗೇ, ಅಂಗೈಯ ಬೆರಳುಗಳು ಅರ್ಧ ಮಡಿಚಿದ್ದು ಕೂಡ. ಅತ್ತೆ ನೋಡಿ ಬಾಯಿಗೆ ಸೆರಗು ಹಿಡಿದುಕೊಂಡರು. "ಚೂಡಮ್ಮಾ, ನಮ್ಮ ಪಾಪು ಕಣಮ್ಮಾ ಇದು. ಇವ್ನೆಲ್ಲಿ ನೋಡಿದ್ನಮ್ಮಾ ನಮ್ ಪಾಪೂನ?"

ಅವನು ನಮ್ಮ ಮಗಳನ್ನು ನೋಡಿಲ್ಲ. ಅವಳ ಒಂದು ಫೋಟೋ ಕೂಡ ಆ ಮೊಬೈಲಿನಲ್ಲಿರಲಿಲ್ಲ. ಅದು ಹೊಸದು, ಹಳೆಯದರಲ್ಲಿದ್ದ ಫೋಟೋಗಳನ್ನು ಇದಕ್ಕೆ ಹಾಕುವುದು ನನಗೆ ಬಂದಿರಲಿಲ್ಲ. ಅವನು ನೋಡಿದ್ದು ನನ್ನ ಹೆಬ್ಬೆರಳನ್ನು ಮಾತ್ರ. ಕತ್ತಲಲ್ಲಿ ಗೋಡೆ ತಡವಿಕೊಂಡು ಸ್ವಿಚ್ಚು ಹುಡುಕುವವನ ಹಾಗೆ ನನ್ನನ್ನು ತಡವುತ್ತಾ ತಡವುತ್ತಾ ಅಲ್ಲಿಗೆ ಬಂದು ಮುಟ್ಟಿದ್ದ. ನಾನು ಒತ್ತಲಿಲ್ಲ. ಒತ್ತಲಿಲ್ಲ ಎಂದು ಹೇಳಿಕೊಳ್ಳುವುದರಲ್ಲಿ ಹೆಮ್ಮೆಯೇನೂ ಇಲ್ಲ. ಮೊಬೈಲನ್ನು ಅಕ್ಕಿ ಡಬ್ಬದೊಳಗೆ ಹಾಕಿ ಮುಚ್ಚಳ ಬಿಗಿದು, ಅಡುಗೆಮನೆಯಲ್ಲಿ ನಿಂತು ಕಣ್ಣೀರು ಹಾಕಿದೆ. ಮತ್ತೆ ತೆಗೆದು ನೋಡಿದಾಗ ನನ್ನ ಮಿಕ್ಕ ಜಟ್ಟಿಗಳೂ ಅವನ ಪಕ್ಕದಲ್ಲಿ ಸಾಲಾಗಿ ಮಲಗಿದ್ದರು, ಎಲ್ಲರೂ ಕೆನ್ನೆಯ ಕೆಳಗೆ ಕೈಯಿಟ್ಟುಕೊಂಡು, ಎಲ್ಲರ ತಲೆಯೂ ಈ ಕಡೆಗೆ. ಮೇಲೆ ಅದೇ ಸಾಲು: "ನಿಮ್ಮ ಹೋರಾಟಗಾರನು ಕಲಿಯುತ್ತಿರುವನು."

ಕೊನೆಯ ಜಗಳಕ್ಕೆ ಶಾರದ ಶಿರಾದಿಂದ ಬಸ್ಸಿನಲ್ಲಿ ಬಂದಳು. ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ, ಅತ್ತೆಯ ಮಂಚದ ಮೇಲೆ ಎರಡೂ ಮೊಬೈಲುಗಳನ್ನು ಜೊತೆಗಿಟ್ಟೆವು. ಮೇಷ್ಟ್ರು ಕುರ್ಚಿಯಲ್ಲಿ ಪೇಪರು ಹಿಡಿದು ಕೂತಿದ್ದರು, ಆದರೆ ಹಾಳೆ ತಿರುಗಿಸಿದ್ದನ್ನು ನಾನು ಕಾಣೆ. "ಅಕ್ಕಾ, ಬೇಜಾರ್ ಮಾಡ್ಕಬ್ಯಾಡ. ನಮ್ ಟೈಗರ್ ಇದುವರ್ಗೂ ಒಂದೂ ಸೋತಿಲ್ಲ. ಗೆದ್ರೇ ಊಟ, ಇಲ್ದಿದ್ರೆ ಇಲ್ಲ ಅಂತ ಪೂರಾ ಕಟ್ನಿಟ್ಟಾಗಿ ಸಾಕಿವ್ನಿ" ಅಂದಳು. "ಆಗ್ಲಿ ಬುಡು. ಅವ್ನ ಹಣೇಲಿದ್ದಂಗೆ ಆಯ್ತದೆ" ಅಂದೆ, ಹಣೆಯೇ ಇಲ್ಲದವನ ಬಗ್ಗೆ. ಅತ್ತೆ ಸೆರಗಿನೊಳಗೆ ಕೈ ಮುಗಿದುಕೊಂಡಿದ್ದರು.

ಗಂಟೆ ಬಾರಿಸಿತು. ಟೈಗರ್ ಮುಷ್ಟಿ ಎತ್ತಿಕೊಂಡು ನುಗ್ಗಿ ಬಂದ. ಸಿದ್ದಪ್ಪ ಅಖಾಡದ ನಡುವಿಗೆ ಮೆಲ್ಲಗೆ ನಡೆದು ಬಂದ, ಮಲಗಿಕೊಂಡ, ಕೆನ್ನೆಯ ಕೆಳಗೆ ಕೈಯಿಟ್ಟುಕೊಂಡ. ನಾನು ಕಣ್ಣು ಮುಚ್ಚಿದೆ. ಏಟಿನ ಸದ್ದು ಬರಲಿಲ್ಲ. ಕಣ್ಣು ಬಿಟ್ಟೆ. ಟೈಗರ್ ಸಿದ್ದಪ್ಪನ ಹತ್ತಿರ ನಿಂತು, ತಲೆ ಇರಬೇಕಾಗಿದ್ದ ಎತ್ತರದಲ್ಲಿ ಬರಿಗಾಳಿಗೆ ಗುದ್ದುತ್ತಿದ್ದ. ನಿಂತವರನ್ನು ಹೊಡೆದು ಗೊತ್ತಿತ್ತೇ ಹೊರತು, ಹೊಡೆಯುವ ಮೊದಲೇ ಮಲಗಿದವನನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಒಂದು ಹೆಜ್ಜೆ ಹಿಂದೆ ಹೋದ, ಮುಂದೆ ಬಂದ. ಸಿದ್ದಪ್ಪನನ್ನು ಸುತ್ತತೊಡಗಿದ. ಸುತ್ತುತ್ತಾ ಸುತ್ತುತ್ತಾ ಅವನ ಕೈಗಳು ಗುದ್ದುವುದನ್ನು ಬಿಟ್ಟು ನಡುಗಿದವು, ಕಾಲಿಗೆ ಕಾಲು ತೊಡರಿತು, ತನ್ನ ಮೈಯನ್ನೇ ತಾನು ಮರೆತವನಂತೆ ಓಲಾಡಿದ. ಸಿದ್ದಪ್ಪ ಮಿಸುಕಲಿಲ್ಲ. ಅವನ ತಲೆ ಟೈಗರ್ ಕಡೆ ತಿರುಗಿರಲೂ ಇಲ್ಲ. ಅದು ನನ್ನ ಕಡೆಗಿತ್ತು. ಕೊನೆಗೆ ಟೈಗರ್ ಹಿಮ್ಮುಖವಾಗಿ ಹೆಜ್ಜೆ ಹಾಕುತ್ತಾ ಹಾಕುತ್ತಾ ಅಖಾಡದ ಗೆರೆಯನ್ನು ದಾಟಿ ಆಚೆಗೆ ಬಿದ್ದುಹೋದ. ಗಂಟೆ ಬಾರಿಸಿತು. ಗೆದ್ದವನು ಸಿದ್ದಪ್ಪ.

"ಅಕ್ಕಾ! ಇದು ಮೋಸ! ಅವ್ನು ಏನೂ ಮಾಡ್ಲೇ ಇಲ್ವಲ್ಲಾ!" ಎಂದು ಶಾರದ ಕೂಗಿದಳು. "ಮಲಗ್ದೋನ್ನ ಕಂಡು ಹೆದ್ರಿಬುಟ್ಟ ಕಣಮ್ಮಾ ನಿಮ್ ಹುಲಿ" ಎಂದು ಅತ್ತೆ ಬೊಚ್ಚುಬಾಯಲ್ಲಿ ನಕ್ಕರು. ಮೇಷ್ಟ್ರು ಪೇಪರಿನ ಹಿಂದಿನಿಂದ, "ಇಂಥಾ ರೂಲ್ಸ್ ನಮ್ ಇಲಾಖೇಲಿಲ್ಲ" ಅಂದರು. ನಾನು ಬೆರಳಿನ ಬಟ್ಟೆ ಬಿಚ್ಚಿದೆ. ಗೆದ್ದಿದ್ದಾನೆ, ಇನ್ನು ಹಾಕಬಹುದು, ಆಣೆಯೂ ಮುರಿಯುವುದಿಲ್ಲ. ಒತ್ತಿದೆ, ಬಟ್ಟಲು ತುಂಬುವವರೆಗೂ ಒತ್ತಿದೆ. ಸಿದ್ದಪ್ಪ ಎದ್ದು ಕೂತ. ಅವನ ಬದಲು ಪಟ್ಟಿಯ ಕೆಳಗೆ ಹೋಗಿ ವಿಸರ್ಜನೆಯಾದವನು ಯಾವ ಊರಿನವನೋ, ಯಾರು ಸಾಕಿದ್ದವನೋ, ನಾನು ಹೆಸರು ಕೂಡ ಓದಲಿಲ್ಲ. ಸಿದ್ದಪ್ಪ ಉಳಿದ ಸಂತೋಷದಲ್ಲಿದ್ದಾಗಲೇ ಪರದೆಯ ಮೇಲೆ ಇನ್ನೊಂದು ಸಾಲು ಬಂತು: "ಅನಿರೀಕ್ಷಿತ ಜಯ. ಈ ಹೋರಾಟಗಾರನ ಕಲಿಕೆಯನ್ನು ಇತರ ಎಲ್ಲಾ ಗರಡಿಗಳಿಗೆ ವರ್ಗಾಯಿಸಲು ಒಪ್ಪುವಿರಾ?" ಮೊಬೈಲು ಕೇಳಿದಾಗ ಒಪ್ಪದೆ ಇದ್ದವರನ್ನು ನಾನು ನೋಡಿಲ್ಲ. ಒಪ್ಪಿದೆ.

ಆಮೇಲೆ ಒಂದು ವಾರ ನಾನು ಆಟ ತೆರೆಯಲಿಲ್ಲ. ಉಳಿಸಿಕೊಂಡಾಯಿತಲ್ಲ, ಇನ್ನು ನನಗೂ ಅವನಿಗೂ ವಿಶ್ರಾಂತಿ ಎಂದು ಹಪ್ಪಳದ ಹಿಟ್ಟು ಕಲಸಿಕೊಂಡು ಕೂತಿದ್ದೆ. ಆಗ ಶಾರದಳ ಫೋನು ಬಂತು. ಕುಚ್ಚು ಕಟ್ಟುವವಳ ಆ ಗಡಸು ದನಿ ಇರಲಿಲ್ಲ. "ಅಕ್ಕಾ, ನಮ್ಮೋರೆಲ್ಲಾ ಬಿದ್ಕಂಡವ್ರೆ. ಟೈಗರ್ರೂ ಬಿದ್ದವ್ನೆ."

"ಹೆಂಗ್ ಬಿದ್ದವ್ನೆ? ಕೆನ್ನೆ ಕೆಳಗೆ ಕೈ ಇಟ್ಕಂಡಾ?"

"ಮೊದ್ಲು ಅಂಗೇ ಇದ್ದ. ನಂಗೇನೂ ಅನ್ನಿಸ್ಲಿಲ್ಲ, ಸುಮ್ನಿದ್ದೆ. ದಿನಾ ಬೇರೆ ಬೇರೆ ಥರ ಮಾಡ್ದ. ಇವತ್ತು ಎದ್ದು ಕುಂತವ್ನೆ ಅಕ್ಕಾ. ಗೋಡೆಗೆ ಒರಗ್ಕಂಡು, ಒಂದ್ ಕಾಲು ಚಾಚಿ, ಮಂಡಿ ಮ್ಯಾಲೆ ಕೈ ಇಟ್ಕಂಡು, ಬಾಗ್ಲ ಕಡೆ ನೋಡ್ತಾ... ನಮ್ಮಪ್ಪ ಅಕ್ಕಾ. ನಾನು ತವರಿಗೆ ಬತ್ತೀನಿ ಅಂದ್ರೆ ಬೆಳಿಗ್ಗಿಂದ ಅಂಗೇ ಕುಂತಿರ್ತಿತ್ತು. ಅಪ್ಪ ಹೋಗಿ ಎಷ್ಟ್ ವರ್ಷ ಆಯ್ತು? ಇವ್ನಿಗೆ ಹೆಂಗ್ ಗೊತ್ತಾಯ್ತಕ್ಕಾ?"

ನನಗೆ ಗೊತ್ತಿತ್ತು. ಹೇಳಬಹುದಿತ್ತು. ಬೆರಳು ಮುಚ್ಚಿಕೋ, ಮೊಬೈಲು ಆರಿಸು, ಅಳಿಸಿಹಾಕು ಎಂದು ಮೇಷ್ಟ್ರ ಹಾಗೆ ಬುದ್ಧಿ ಹೇಳುವ ಅವಕಾಶ ನನ್ನ ಜೀವಮಾನದಲ್ಲಿ ಅದೊಂದೇ ಬಂದದ್ದು. "ಊಟ ಹಾಕ್ದೇನೇ?" ಎಂದು ಕೇಳಿದೆ.

"ಇಲ್ಲ ಅಕ್ಕಾ. ಭಯ ಆಯ್ತದೆ."

"ಹಾಕ್ಬುಡು" ಅಂದೆ. "ಪಾಪ, ಅಷ್ಟೊತ್ನಿಂದ ಕಾಯ್ತಾ ಕುಂತವ್ನೆ."

ಫೋನು ಇಟ್ಟು ಮತ್ತೆ ಹಿಟ್ಟಿನ ಮುಂದೆ ಕೂತೆ. ನಮ್ಮ ಮನೆಯವರು ನೀರು ಕುಡಿಯಲು ಬಂದವರು ಬಾಗಿಲಲ್ಲೇ ನಿಂತರು. "ಏನೇ ಅದು, ಹಿಟ್ಟನ್ನ ಅಂಗ್ ಚುಚ್ತಾ ಇದೀಯ?" ಅಂದರು. ನೋಡಿಕೊಂಡೆ. ಹಪ್ಪಳದ ಹಿಟ್ಟಿನ ಮುದ್ದೆಯಲ್ಲಿ, ಬಲಗಡೆ ಕೆಳಮೂಲೆಯಲ್ಲಿ, ನನ್ನ ಹೆಬ್ಬೆರಳು ಆಳವಾದ ಒಂದು ಗುಳಿಯನ್ನೇ ತೋಡಿಬಿಟ್ಟಿತ್ತು. ಇನ್ನೂ ಒತ್ತುತ್ತಲೇ ಇತ್ತು.